ಟೆಸ್ಟ್ ಪೈಲಟ್ ಬರೆದ ಎರಡನೆಯ ಪುಸ್ತಕ

ನನಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ. ಕ್ಲಾಸಿನಲ್ಲೂ ಅಷ್ಟೆ, ಬೋರ್ಡಿನಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಲೇ ಪಾಠ ಮಾಡುವವನು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಕೆಲಸ. ಊರು ಕಂಪಲಾಪುರದ ಪಕ್ಕ. ಮನೆಯಲ್ಲಿ ಒಂದಿಷ್ಟು ಹೊಗೆಸೊಪ್ಪು ಬೆಳೆಯುತ್ತೇವೆ, ಅದನ್ನು ಬೇಯದಂತೆ ಒಣಗಿಸಿ ಹದ ಮಾಡಲು ಒಂದು ಬ್ಯಾರನ್ ಇದೆ. ಆದರೆ ಕಳೆದ ಎರಡು ವರ್ಷ ನಾನು ಅಲೆದದ್ದು ಬರೀ ಅಭ್ಯಾಸದಿಂದಲ್ಲ. ಬೈಕಿನ ಬ್ಯಾಗಿನಲ್ಲಿ ಮೂರು ಪುಸ್ತಕ ಹಾಕಿಕೊಂಡು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಅಂತ ನಾಲ್ಕೂ ತಾಲ್ಲೂಕು ಸುತ್ತಿದೆ. ಸಿಕ್ಕಸಿಕ್ಕವರಿಗೆ 'ಇದನ್ನು ಓದಿ, ಮೂರೂ ಆಗದಿದ್ದರೆ ಎರಡನೆಯದನ್ನಾದರೂ ಓದಿ' ಎಂದು ತಲೆ ತಿಂದೆ.

ಪುಸ್ತಕಗಳು ವಿಮಾನದ ಚರಿತ್ರೆಯವು. ಬರೆದಾತ ಟೆಸ್ಟ್ ಪೈಲಟ್. ಅಂದರೆ ಹೊಸದಾಗಿ ಕಟ್ಟಿದ ವಿಮಾನವನ್ನು ಬೇರೆ ಯಾರೂ ಹತ್ತುವ ಮೊದಲು ತಾನು ಹತ್ತಿ, ಮೇಲಕ್ಕೆ ಒಯ್ದು, ಇಳಿದು ಬಂದು, ಏನು ಸರಿಯಿದೆ ಏನು ಕೆಟ್ಟಿದೆ ಎಂದು ಹೇಳುವವನು. ಹಾರುವುದನ್ನು ನಿಲ್ಲಿಸಿದ ಮೇಲೆ ಕೂತು ಮೂರು ಸಂಪುಟ ಬರೆದಿದ್ದಾನೆ. ಅವನ ಹೆಸರು, ಪುಸ್ತಕದ ಹೆಸರು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನೀವು ಅವನ ಜಾತಕ ಹುಡುಕಿಕೊಂಡು ಹೋಗುತ್ತೀರಿ, ನನ್ನ ಮಾತು ಪಕ್ಕಕ್ಕೆ ಬೀಳುತ್ತದೆ. ನನ್ನ ಮಾತು ಇಷ್ಟೆ: ಆ ಪುಸ್ತಕ ಕೈಯಲ್ಲಿ ಹಿಡಿದು ನಾನು ಒಂದು ತಪ್ಪು ಮಾಡಿದೆ. ಆಮೇಲೆ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಅದರಿಂದ ಮೂವತ್ತು ವರ್ಷ ಬ್ಯಾರನ್ ಕಾದ ಒಬ್ಬ ಮನುಷ್ಯನ ಹೆಸರು ಕೆಟ್ಟಿತು, ಅವರಿಗೆ ಕೆಲಸ ಕೊಡುವವರು ಇಲ್ಲವಾದರು. ಆ ಹೆಸರನ್ನು ವಾಪಸ್ ಕೊಡಿಸಲು ಆಗುತ್ತಿದ್ದದ್ದು ನನ್ನೊಬ್ಬನಿಂದ ಮಾತ್ರ.

ಪುಸ್ತಕ ನನಗೆ ಸಿಕ್ಕಿದ್ದು ಪಿರಿಯಾಪಟ್ಟಣದ ಒಂದು ಜೆರಾಕ್ಸ್ ಅಂಗಡಿಯಲ್ಲಿ. ಅಂಗಡಿಯವರು ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತಿಯಾಗಿ ಬಂದವರು. ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಲು ಹೋದಾಗ ಮಿಷನ್ ಬಿಸಿಯಾಗಲೆಂದು ಕಾಯುತ್ತಾ ಅವರ ಮೇಜಿನ ಮೇಲಿದ್ದ ಮೊದಲ ಸಂಪುಟ ತೆರೆದೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ನಾಲ್ಕು ಪುಟ ಸರಾಗವಾಗಿ ಹೋಯಿತು. ಆತ ದೊಡ್ಡ ಮಾತು ಆಡುವುದಿಲ್ಲ. ಮರದ ಕಡ್ಡಿಗೆ ಬಟ್ಟೆ ಬಿಗಿದು ಹಾರಿದ ಕಾಲದವರನ್ನು ಪಕ್ಕದ ಮನೆಯವರ ಹಾಗೆ ಪರಿಚಯ ಮಾಡಿಕೊಡುತ್ತಾನೆ. ಅವರ ಬಳಿ ಮೀಟರುಗಳಿರಲಿಲ್ಲ, ಮುಖಕ್ಕೆ ಬಡಿಯುವ ಗಾಳಿಯಿಂದಲೇ ವೇಗ ತಿಳಿಯುತ್ತಿದ್ದರು, ಕೆಲವರು ಎದುರಿಗೆ ಒಂದು ತುಂಡು ದಾರ ಕಟ್ಟಿಕೊಂಡು ಅದು ಯಾವ ಕಡೆ ವಾಲುತ್ತದೋ ನೋಡಿ ವಿಮಾನವನ್ನು ನೇರ ಮಾಡಿಕೊಳ್ಳುತ್ತಿದ್ದರು. ಒಂದು ತುಂಡು ದಾರ! ನಾನು ಮೂರೂ ಸಂಪುಟ ಎತ್ತಿಕೊಂಡು ಬಂದೆ. ಓದಿ ಮುಗಿಸಿ ಕೊಡಿ ಎಂದಿದ್ದರು. ಆಮೇಲೆ ಅವರೇ, ನಿಮ್ಮಷ್ಟು ಹುಚ್ಚು ನನಗಿಲ್ಲ, ಇಟ್ಟುಕೊಳ್ಳಿ ಎಂದುಬಿಟ್ಟರು.

ಆ ವರ್ಷ ದಸರಾ ರಜೆಯಲ್ಲಿ ನಾನು ಎರಡನೆಯ ಸಂಪುಟದಲ್ಲಿದ್ದೆ. ಹೊಲದಲ್ಲಿ ಕೊನೆಯ ಸುತ್ತಿನ ಸೊಪ್ಪು ಮುರಿಯುವುದು ನಡೆದಿತ್ತು. ಈಗ ಬ್ಯಾರನ್ ಬಗ್ಗೆ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ನನ್ನ ಮೂರ್ಖತನ ನಿಮಗೆ ಗೊತ್ತಾಗುವುದಿಲ್ಲ.

ಬ್ಯಾರನ್ ಅಂದರೆ ಕಿಟಕಿಯಿಲ್ಲದ ಎತ್ತರದ ಗೋಡೆಯ ಮನೆ, ಹಬೆ ಹೊರಹೋಗಲು ಮೇಲೆ ತೆರೆದು ಮುಚ್ಚುವ ಕಿಂಡಿ ಮಾತ್ರ. ಒಳಗೆ ಸಾಲುಸಾಲಾಗಿ ಅಡ್ಡ ತೊಲೆ, ತೊಲೆಗಳ ಮೇಲೆ ಹಸಿ ಸೊಪ್ಪು ಕಟ್ಟಿದ ಕಡ್ಡಿಗಳು. ಹೊರಗಿನ ಒಲೆಗೆ ಸೌದೆ ಒಡ್ಡಿದರೆ ಒಳಗಿನ ತಗಡಿನ ಕೊಳವೆ ಕಾಯುತ್ತದೆ, ಅದರ ಶಾಖಕ್ಕೆ ಸೊಪ್ಪು ಮೊದಲು ಹಳದಿಯಾಗಿ, ಆಮೇಲೆ ಎಲೆ ಒಣಗಿ, ಕೊನೆಗೆ ನರ ಒಣಗಬೇಕು. ಸುಮಾರು ಒಂದು ವಾರದ ಕೆಲಸ. ಶಾಖ ಗಂಟೆಗೊಂದಿಷ್ಟು ಮಾತ್ರ ಏರಬೇಕು. ಹಳದಿ ಬಂದ ಎಲೆಯಲ್ಲಿ ಇನ್ನೂ ನೀರಿರುವಾಗ ಶಾಖ ಹೆಚ್ಚಾದರೆ ಎಲೆ ಬೆಂದು ಕಂದಾಗುತ್ತದೆ. ಕಂದಾದ ಸೊಪ್ಪು ಏನು ಮಾಡಿದರೂ ಮತ್ತೆ ಹಳದಿಯಾಗದು. ಶಾಖ ನೋಡಲು ಒಳಗೆ ನಡುಮಧ್ಯೆ, ಕೆಳಸಾಲಿನ ಎಲೆಗಳ ಎತ್ತರಕ್ಕೆ ಥರ್ಮಾಮೀಟರ್ ತೂಗುಬಿಟ್ಟಿರುತ್ತಾರೆ. ಬಾಗಿಲಲ್ಲಿ ಅಂಗೈಯಗಲದ ಗಾಜು ಇರುತ್ತದೆ. ಗಾಜಿಗೆ ಹಣೆ ಒತ್ತಿ, ಟಾರ್ಚು ಬಿಟ್ಟು, ಕಣ್ಣು ಕಿರಿದು ಮಾಡಿ ಅದರ ನಂಬರು ಓದಬೇಕು.

ನಮ್ಮ ಬ್ಯಾರನ್ ಕಾಯುತ್ತಿದ್ದವರನ್ನು ನಾವೆಲ್ಲ ಬ್ಯಾರನ್ ಅಣ್ಣ ಎಂದೇ ಕರೆಯುತ್ತಿದ್ದದ್ದು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ಪಕ್ಕದ ಕೇರಿಯವರು, ಸ್ವಂತ ಜಮೀನಿಲ್ಲ. ಆದರೆ ಸೊಪ್ಪಿನ ಕಾಲದಲ್ಲಿ ಅವರಿಗಾಗಿ ಮೂರು ಊರಿನವರು ಬಂದು ಕೂರುತ್ತಿದ್ದರು. ಅವರು ಥರ್ಮಾಮೀಟರ್ ನೋಡುತ್ತಿದ್ದದ್ದು ನಮ್ಮ ಸಮಾಧಾನಕ್ಕೆ. ಅವರ ಲೆಕ್ಕವೆಲ್ಲ ಮೂಗಿನಲ್ಲಿತ್ತು. ಮೇಲಿನ ಕಿಂಡಿಯಿಂದ ಬರುವ ಗಾಳಿಯನ್ನು ಒಂದು ಸಲ ಎಳೆದುಕೊಂಡು, ಹಳದಿ ಬಂತು ಅಥವಾ ಇನ್ನೂ ಅರ್ಧ ದಿನ ಬೇಕು ಅನ್ನುತ್ತಿದ್ದರು. ಅದು ತಪ್ಪಿದ್ದನ್ನು ನಾನು ಕಂಡಿರಲಿಲ್ಲ.

ನಮ್ಮ ಕಡೆ ಒಂದು ಕಟ್ಟಳೆಯೂ ಇತ್ತು. ಬ್ಯಾರನ್ ತುಂಬಿದ ದಿನ ಒಲೆಯ ಬಾಯಿಗೆ ಕರ್ಪೂರ ಹಚ್ಚಿ, ಯಜಮಾನನು ಮೊದಲ ಸೌದೆಯನ್ನು ಕಾಯುವವರ ಕೈಗೆ ಕೊಡಬೇಕು. ಅವರು ಅದನ್ನು ಒಲೆಗಿಟ್ಟ ಮೇಲೆ ಬ್ಯಾರನ್ ಬಾಗಿಲು ತೆರೆಯುವ ತನಕ ಶಾಖದ ವಿಷಯದಲ್ಲಿ ಯಜಮಾನ ಬಾಯಿ ಹಾಕುವಂತಿಲ್ಲ. ಸೊಪ್ಪು ಚಿನ್ನವಾದರೂ ಅವರದೇ ಹೆಸರು, ಕೆಟ್ಟರೂ ಅವರದೇ ಹೊಣೆ. ನಮ್ಮಪ್ಪ ಈ ಕಟ್ಟಳೆ ಮೀರಿದವರಲ್ಲ. ಒಲೆಯ ಹತ್ತಿರ ಹೋದರೂ ಮಳೆ ಬೆಳೆ ಮಾತಾಡಿ ಎದ್ದು ಬರುತ್ತಿದ್ದರು.

ನಾನು ವಿಜ್ಞಾನದ ಮೇಷ್ಟ್ರು, ನನಗೆಲ್ಲಿಯ ಕಟ್ಟಳೆ.

ಎರಡನೆಯ ಸಂಪುಟ ಮೀಟರುಗಳ ಕಥೆ. ಮೋಡದೊಳಗೆ ಹೊಕ್ಕ ಪೈಲಟ್ಟುಗಳು ಹೇಗೆ ಸತ್ತರು ಎಂದು ಆತ ಬರೆಯುತ್ತಾನೆ. ಸುತ್ತ ಬಿಳಿ, ಮೇಲು ಕೆಳಗು ಗೊತ್ತಾಗದು. ಮೈ ಹೇಳುತ್ತದೆ, ನೆಟ್ಟಗೆ ಹೋಗುತ್ತಿದ್ದೇನೆ ಅಂತ. ಮೀಟರು ಹೇಳುತ್ತದೆ, ವಾಲಿದ್ದೀಯ ಅಂತ. ಮೈಯನ್ನು ನಂಬಿದವರು ನೆಲಕ್ಕೆ ಬಂದು ಬಡಿದರು. ಮೀಟರನ್ನು ನಂಬಲು ಮನಸ್ಸನ್ನು ಬಗ್ಗಿಸಿದವರು ಮನೆಗೆ ಬಂದು ಊಟ ಮಾಡಿದರು. ಈ ಅಧ್ಯಾಯ ಓದಿ ನನಗೆ ಮೈಯೆಲ್ಲ ಪುಳಕ. ಮಾರನೆಯ ಬೆಳಿಗ್ಗೆ ಪುಸ್ತಕ ಹಿಡಿದೇ ಬ್ಯಾರನ್ ಹತ್ತಿರ ಹೋದೆ. ಸೊಪ್ಪು ತುಂಬಿ ಮೂರನೆಯ ದಿನ. ಬ್ಯಾರನ್ ಅಣ್ಣ ಎರಡು ದಿನದಿಂದ ನಿಂತೇ ಇದ್ದರು. ಮನೆಗೆ ಹೋಗಿ ಸ್ನಾನ ಮಾಡಿ ಊಟ ಮಾಡಿಕೊಂಡು ಬಾ, ನಾನು ನೋಡಿಕೊಳ್ಳುತ್ತೇನೆ ಎಂದು ಅವರನ್ನು ಕಳುಹಿಸಿದೆ.

ಅವರು ಅತ್ತ ಹೋದರು. ನಾನು ಇತ್ತ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಹತ್ತು ನಿಮಿಷಕ್ಕೊಂದು ಸಲ ಎದ್ದು, ಗಾಜಿಗೆ ಹಣೆ ಒತ್ತಿ, ನಡುಮಧ್ಯೆ ತೂಗುತ್ತಿದ್ದ ಥರ್ಮಾಮೀಟರ್ ಓದುವುದು. ಓದು ಕೆಡುತ್ತಿತ್ತು. ಮೂರು ಸಲ ಎದ್ದೆ, ನಾಲ್ಕನೆಯ ಸಲಕ್ಕೆ ಸಿಟ್ಟು ಬಂತು. ಬಾಗಿಲು ಅರ್ಧ ತೆರೆದು, ಸಾಲಿನ ಕೆಳಗೆ ಬಗ್ಗಿ ಒಳಗೆ ಹೋಗಿ, ಕೈ ಚಾಚಿ, ಥರ್ಮಾಮೀಟರಿನ ದಾರ ಎಳೆದುಕೊಂಡು, ಅದನ್ನು ಬಾಗಿಲ ಪಕ್ಕದ ಮೊಳೆಗೆ, ಗಾಜಿನ ಹಿಂದೆಯೇ ಕಟ್ಟಿದೆ. ಈಗ ಕುರ್ಚಿಯಿಂದ ಏಳದೆ, ತಲೆ ಎತ್ತಿದರೆ ನಂಬರು ಕಾಣುತ್ತಿತ್ತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಬ್ಯಾರನ್ ಅಣ್ಣ ಊಟ ಮುಗಿಸಿ ಬಂದಾಗ ಗಾಜಿನಲ್ಲಿ ನೂರಾ ಐದು ಡಿಗ್ರಿ ಫ್ಯಾರನ್‌ಹೀಟ್ ಕಾಣುತ್ತಿತ್ತು. ಆ ಹೊತ್ತಿಗೆ ನೂರಾ ಹತ್ತು ದಾಟಿರಬೇಕಿತ್ತು, ಬೆಳೆಗಾರರಿಗೆ ಹಂಚಿದ ಶಾಖದ ಲೆಕ್ಕದ ಅಚ್ಚಿನ ಹಾಳೆ ನನ್ನ ಜೇಬಿನಲ್ಲೇ ಇತ್ತು. ಶಾಖ ಸಾಲದು, ಸೌದೆ ಒಡ್ಡು ಎಂದೆ. ಅವರು ಒಡ್ಡಿದರು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಹೇಳಿದೆ, ಮತ್ತೆ ಒಡ್ಡಿದರು. ಮೂರನೆಯ ಸಲ ಹೇಳಿದಾಗ ಅವರು ಸೌದೆ ಎತ್ತಲಿಲ್ಲ. ಗೋಡೆಯ ಪಕ್ಕ ಹೋಗಿ ಕಿಂಡಿಯ ಕೆಳಗೆ ನಿಂತು ತಲೆ ಎತ್ತಿದರು.

"ಸೊಪ್ಪು ಬೇಯ್ತಾ ಅದೆ ಮೇಷ್ಟ್ರೇ. ಬಸ್ಸಾರಿಗೆ ಸೊಪ್ಪು ಬೇಯ್ಸಿದಂಗೆ ವಾಸ್ನೆ ಬತ್ತಾ ಅದೆ. ಶಾಖ ಸಾಕು, ಕಿಂಡಿ ತಗೀಬೇಕು."

ನನಗೆ ಪುಸ್ತಕದ ಬಿಸಿ ತಲೆಗೇರಿತ್ತು. ಮನುಷ್ಯನ ಮೈ ಸುಳ್ಳು ಹೇಳುತ್ತದೆ, ಮೀಟರು ಹೇಳುವುದಿಲ್ಲ ಎಂದು ಅವರಿಗೆ ಪಾಠ ಶುರು ಮಾಡಿದೆ. ಮೋಡದ ಕಥೆ ಹೇಳಿದೆ. ಪುಟ ತೆರೆದು ತೋರಿಸಿದೆ, ಅಲ್ಲಿ ವಿಮಾನದ ಚಿತ್ರವಿತ್ತು. ಅವರು ಚಿತ್ರವನ್ನು ನೋಡಿದರು, ಗಾಜಿನ ಕಡೆ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಬಗ್ಗಿ ಸೌದೆ ಎತ್ತಿ ಒಲೆಗೆ ಒಡ್ಡಿದರು.

ಸಂಜೆಯೊಳಗೆ ಸೊಪ್ಪು ಕಂದಾಯಿತು. ಗಾಜಿಗೆ ಟಾರ್ಚು ಬಿಟ್ಟರೆ ಕೆಳಸಾಲು ಪೂರಾ ಒದ್ದೆ ರಟ್ಟಿನ ಬಣ್ಣ. ನಾನು ಗಾಬರಿಯಲ್ಲಿ ಬಾಗಿಲು ತೆರೆದೆ, ಕಿಂಡಿ ತೆರೆದೆ, ಒಲೆಯ ಸೌದೆ ಎಳೆಸಿದೆ. ಆ ಗಡಿಬಿಡಿಯಲ್ಲೇ ಥರ್ಮಾಮೀಟರನ್ನು ಬಿಚ್ಚಿ ಹಳೆಯ ಜಾಗಕ್ಕೆ ಬಿಟ್ಟೆ. ಯಾಕೆ ಹಾಗೆ ಮಾಡಿದೆ ಅಂತ ಕೇಳಬೇಡಿ. ಆಗ ನನಗೆ ಕಾರಣ ಗೊತ್ತಿರಲಿಲ್ಲ. ಕೈಗೆ ಮಾತ್ರ ಗೊತ್ತಿತ್ತು ಅಂತ ಕಾಣುತ್ತದೆ.

ಮಾರನೆಯ ದಿನ ಕಂಪಲಾಪುರದ ಟೀ ಅಂಗಡಿಯಲ್ಲಿ ಸುದ್ದಿ ನನಗಿಂತ ಮೊದಲೇ ಬಂದು ಕೂತಿತ್ತು. ಬೆಂಚಿನಲ್ಲಿದ್ದ ಒಬ್ಬರು ಕೇಳಿದರು, "ಏನ್ ಮೇಷ್ಟ್ರೇ, ನಿಮ್ಮ ಬ್ಯಾರನ್ ಕಾಯೋನು ನಿದ್ದೆ ಮಾಡ್ಬುಟ್ನಂತೆ?" ನಾನು 'ಇಲ್ಲ' ಎಂದು ಎರಡಕ್ಷರ ಅಂದಿದ್ದರೆ ಸಾಕಿತ್ತು. ನಾನು ಟೀ ಕುಡಿದೆ. ಲೋಟ ಬಾಯಿಂದ ತೆಗೆಯಲಿಲ್ಲ. ಟೀ ಬಿಸಿ ಇತ್ತು, ನಾಲಿಗೆ ಸುಟ್ಟಿತು, ಆದರೂ ತೆಗೆಯಲಿಲ್ಲ. ಅಷ್ಟರಲ್ಲಿ ಇನ್ನೊಬ್ಬರು, ವಯಸ್ಸಾಯ್ತಲ್ಲ, ಎರಡು ದಿನ ನಿಂತೇ ಇದ್ದರೆ ಯಾರಿಗಾದರೂ ತೂಕಡಿಕೆ ಬರುತ್ತದೆ ಎಂದು ಕನಿಕರವನ್ನೂ ಸೇರಿಸಿದರು. ಅಲ್ಲಿಗೆ ಅವರ ಮೂವತ್ತು ವರ್ಷ ಮುಗಿಯಿತು.

ಹದಿನೈದು ದಿನ ಪುಸ್ತಕ ಮುಟ್ಟಲಿಲ್ಲ. ಆಮೇಲೆ ಒಂದು ಭಾನುವಾರ ಬಿಟ್ಟ ಕಡೆಯಿಂದ ಮುಂದಕ್ಕೆ ಓದಿದೆ. ಮೋಡದ ಅಧ್ಯಾಯದ ಮುಂದಿನ ಅಧ್ಯಾಯವೇ ಅದು. ಪರೀಕ್ಷೆಗೆ ಒಯ್ಯುವ ಹೊಸ ವಿಮಾನದ ಮೂತಿಗೆ ಮುಂದಕ್ಕೆ ಚಾಚಿದ ಒಂದು ಉದ್ದ ಕಡ್ಡಿ ಕಟ್ಟಿರುತ್ತಾರಂತೆ, ವೇಗ ಅಳೆಯುವ ಕೊಳವೆ ಅದರ ತುದಿಯಲ್ಲಿರುತ್ತದಂತೆ. ಯಾಕೆಂದರೆ ವಿಮಾನದ ಮೈಗೆ ತಾಗಿದ ಗಾಳಿ ನಿಜವಾದ ಗಾಳಿಯಲ್ಲ, ಅಲ್ಲಿ ಮೀಟರು ಇಟ್ಟರೆ ಅದು ಪ್ರಾಮಾಣಿಕವಾಗಿಯೇ ತಪ್ಪು ಹೇಳುತ್ತದೆ. ಆದ್ದರಿಂದ ಮೀಟರನ್ನು ನಂಬುವ ಮೊದಲು ಅದು ಎಲ್ಲಿ ಕೂತಿದೆ ಎಂದು ನೋಡು ಅನ್ನುತ್ತಾನೆ ಆತ. ಮುಂದುವರಿದು, ತಾನು ಒಮ್ಮೆ ಅದನ್ನು ನೋಡದೆ ಹಾರಿ, ಇಳಿದು ಬಂದು ಮೆಕ್ಯಾನಿಕ್ಕನ್ನು ಬೈದದ್ದನ್ನೂ, ಗೊತ್ತಾದ ಅರ್ಧ ಗಂಟೆಯಲ್ಲಿ ಎಲ್ಲರೆದುರು ಅವನ ಬಳಿಗೆ ಹೋಗಿ ತಪ್ಪು ನನ್ನದು ಎಂದದ್ದನ್ನೂ ಬರೆದಿದ್ದಾನೆ.

ಬಾಗಿಲ ಸಂದಿಯಿಂದ ಹೊರಗಿನ ತಣ್ಣನೆ ಗಾಳಿ ನುಗ್ಗುವ ಜಾಗದಲ್ಲಿ ಥರ್ಮಾಮೀಟರ್ ಕಟ್ಟಿದವನು ನಾನು. ನಡುಮಧ್ಯೆ ಸೊಪ್ಪು ಬೇಯುತ್ತಿದ್ದಾಗ ಅದು ನನಗೆ ನೂರಾ ಐದು ತೋರಿಸುತ್ತಿತ್ತು. ವಿಜ್ಞಾನದ ಮೇಷ್ಟ್ರು, ಬಿಸಿಗಾಳಿ ತಣ್ಣನೆ ಗಾಳಿ ಅಂತ ವರ್ಷಾ ವರ್ಷಾ ಬೋರ್ಡಿನ ಮೇಲೆ ಬಾಣ ಬರೆಯುವವನು. ಕುರ್ಚಿಯಿಂದ ಏಳಲು ಸೋಮಾರಿತನ ಪಟ್ಟು ಒಬ್ಬರ ಅನ್ನದ ಮೇಲೆ ಮಣ್ಣು ಹಾಕಿದೆ. ಆ ಪೈಲಟ್ಟಿಗೆ ಅರ್ಧ ಗಂಟೆ ಸಾಕಾಯಿತು. ನನಗೆ ಹದಿನೈದು ದಿನ ಆಗಲೇ ಕಳೆದಿತ್ತು.

ಈಗಲೇ ಹೋಗಿ ಹೇಳುತ್ತೇನೆ ಎಂದು ಚಪ್ಪಲಿ ಮೆಟ್ಟಿದೆ. ಬೀದಿ ತುದಿಗೆ ಹೋಗಿ ವಾಪಸ್ ಬಂದೆ. ಮುಂದಿನ ವಾರ ಎಂದುಕೊಂಡೆ. ಹೀಗೆ ಬೀದಿ ತುದಿಯ ತನಕ ನಾನು ಎಷ್ಟು ಸಲ ಹೋಗಿ ಬಂದೆನೋ ಆ ದೇವರಿಗೇ ಗೊತ್ತು.

ಆಗ ಶುರುವಾದದ್ದು ಈ ಪುಸ್ತಕ ಹಂಚುವ ಹುಚ್ಚು. ಮೊದಲು ನಮ್ಮ ಹೆಡ್‌ಮಾಸ್ಟರರಿಗೆ ಕೊಟ್ಟೆ. ಅವರು ಎರಡು ತಿಂಗಳು ಇಟ್ಟುಕೊಂಡು ಚಿತ್ರಗಳು ಬಹಳ ಸ್ಪಷ್ಟವಾಗಿವೆ ಎಂದು ವಾಪಸ್ ಕೊಟ್ಟರು. ಮಿರ್ಲೆಯಲ್ಲಿ ನನ್ನ ಜೊತೆ ಬಿ.ಎಡ್. ಓದಿದ ಸ್ನೇಹಿತನೊಬ್ಬ ಇದ್ದಾನೆ, ಅವನಿಗೆ ಕೊಟ್ಟೆ. ಅವನು ಮೊದಲ ಸಂಪುಟವನ್ನು ಬಾಯಿ ತುಂಬ ಹೊಗಳಿದ. ಎರಡನೆಯದು ಏನಾಯ್ತೋ ಅಂದರೆ, "ಅದು ಬರೀ ಮೀಟ್ರು ಕಣ್ಲಾ, ನಿದ್ದೆ ಬತ್ತದೆ" ಅಂದ. ಚುಂಚನಕಟ್ಟೆಗೆ ಮದುವೆಗೆ ಹೋದವನು ಊಟದ ಪಂಕ್ತಿಯಲ್ಲಿ ಪಕ್ಕದವರಿಗೆ ವಿಮಾನದ ಮೂತಿಯ ಕಡ್ಡಿ ವಿವರಿಸುತ್ತಾ ಅವರ ಎಲೆಗೆ ಬಡಿಸಿದ ಪಾಯಸ ಚೆಲ್ಲಿದೆ. ಹುಣಸೂರಿನ ಪಶುವೈದ್ಯರೊಬ್ಬರಿಗೆ ಪುಟಕ್ಕೆ ಗುರುತಿಟ್ಟು, ಆ ಒಂದು ಅಧ್ಯಾಯ ಓದಿ ಸಾಕು ಎಂದು ಬೇಡಿಕೊಂಡೆ. ಅವರ ಮನೆಗೆ ಮೂರು ಸಲ ಹೋದಾಗಲೂ ಗುರುತಿನ ಚೀಟಿ ಇಟ್ಟ ಜಾಗದಲ್ಲೇ ಇತ್ತು. ಎಂಥ ಜನರಪ್ಪ, ಓದುವುದಿಲ್ಲ ಎಂದಾದರೂ ಹೇಳಬಾರದೇ ಎಂದು ಬೈಕಿನ ಮೇಲೆ ಒಬ್ಬನೇ ಬೈದುಕೊಂಡು ಬಂದೆ.

ನಾನು ಕಾಯುತ್ತಿದ್ದದ್ದು ಏನನ್ನು ಅಂತ ನನಗೆ ಗೊತ್ತಿತ್ತು. ಯಾರಾದರೂ ಒಬ್ಬರು ಆ ಅಧ್ಯಾಯ ಓದಿ, ನನ್ನ ಮುಖ ನೋಡಿ, ಮೇಷ್ಟ್ರೇ ಅವತ್ತು ನಿಮ್ಮ ಥರ್ಮಾಮೀಟರ್ ಎಲ್ಲಿತ್ತು ಎಂದು ಕೇಳಬೇಕಿತ್ತು. ಕೇಳಿದರೆ ಹೇಳಿಬಿಡುತ್ತಿದ್ದೆ. ಯಾರೂ ಓದಲಿಲ್ಲ, ಯಾರೂ ಕೇಳಲಿಲ್ಲ. ನನ್ನ ಹೆಂಡತಿ ಮಾತ್ರ ಒಂದು ದಿನ ಅಕ್ಕಿ ಆರಿಸುತ್ತಾ, ನೀವು ಪುಸ್ತಕ ಹಂಚುತ್ತಿಲ್ಲ, ಏನನ್ನೋ ಯಾರ ಮನೆ ಬಾಗಿಲಲ್ಲಾದರೂ ಇಳಿಸಿ ಬರೋಣ ಅಂತ ಹೊತ್ತು ತಿರುಗುತ್ತಿದ್ದೀರಿ ಅಂದಳು. ಅವಳ ಮೇಲೆ ಹರಿಹಾಯ್ದು ಎದ್ದು ಹೋದೆ. ಆ ದಿನ ಎಚ್.ಡಿ. ಕೋಟೆಯ ತನಕ ಬೈಕ್ ಓಡಿಸಿ, ಅಲ್ಲಿ ಏನೂ ಕೆಲಸವಿಲ್ಲದೆ ಒಂದು ಎಳನೀರು ಕುಡಿದು ವಾಪಸ್ ಬಂದೆ.

ಮುಂದಿನ ವರ್ಷ ಸೊಪ್ಪಿನ ಕಾಲ ಬಂತು. ಬ್ಯಾರನ್ ಅಣ್ಣನನ್ನು ಯಾರೂ ಕರೆಯಲಿಲ್ಲ. ನಾನಾದರೂ ಕರೆಯಬಹುದಿತ್ತು. ಅವರನ್ನು ದಿನವೂ ಎದುರಿಗೆ ಇಟ್ಟುಕೊಂಡು ಇರಲು ನನಗೆ ಧೈರ್ಯ ಸಾಲಲಿಲ್ಲ, ಪಕ್ಕದೂರಿನ ಬೇರೊಬ್ಬರನ್ನು ಕರೆದೆ. ಅದನ್ನು ಕಂಡ ಊರಿನವರಿಗೆ ಅನುಮಾನವೇ ಉಳಿಯಲಿಲ್ಲ. ಮೇಷ್ಟ್ರೇ ಬಿಟ್ಟ ಮೇಲೆ ನಿದ್ದೆ ಮಾಡಿದ್ದು ನಿಜವೇ ಇರಬೇಕು ಎಂದರು. ಬ್ಯಾರನ್ ಅಣ್ಣ ಒಂದು ತಿಂಗಳು ಕಾದು, ಹೆಂಡತಿಯನ್ನು ಕರೆದುಕೊಂಡು ಕೆ.ಆರ್. ನಗರದಲ್ಲಿದ್ದ ಮಗಳ ಮನೆಗೆ ಹೋದರು. ಅಲ್ಲಿ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕೆ ಸೇರಿದರು ಅಂತ ಸುದ್ದಿ ಬಂತು. ಕೆ.ಆರ್. ನಗರಕ್ಕೆ ಆ ವರ್ಷ ನಾನು ಎಷ್ಟೋ ಸಲ ಹೋದೆ. ಗಿರಣಿ ಇರುವ ರಸ್ತೆಗೆ ಮಾತ್ರ ತಿರುಗಲಿಲ್ಲ.

ಈ ವರ್ಷ ಮುಂಗಾರು ಹಿಡಿದ ಮೇಲೆ ಒಂದು ಫೋನು ಬಂತು. ಎಚ್.ಡಿ. ಕೋಟೆ ಕಡೆಯ ಬೆಳೆಗಾರರು, ಮೂರು ಬ್ಯಾರನ್ ಇಟ್ಟವರು. ಅವರ ಬ್ಯಾರನ್ ಕಾಯುವವರು ಕೆಲಸ ಬಿಟ್ಟಿದ್ದರು. ನಿಮ್ಮಲ್ಲಿ ಮೂಗಿನಲ್ಲೇ ಹದ ಹಿಡಿಯುವವರೊಬ್ಬರು ಇದ್ದರಂತಲ್ಲ, ಅವರು ನಿದ್ದೆ ಮಾಡಿ ಸೊಪ್ಪು ಕೆಡಿಸಿದರು ಅನ್ನುವುದು ನಿಜವೇ, ನಿಜವಲ್ಲದಿದ್ದರೆ ಮೂರು ಬ್ಯಾರನ್ನೂ ಅವರ ಕೈಗೇ ಕೊಡುತ್ತೇನೆ ಎಂದರು. ಫೋನಿನಲ್ಲಿ ಬೇಡ, ನಾಳೆ ಹುಣಸೂರಿಗೆ ಬನ್ನಿ ಎಂದೆ. ಫೋನು ಇಟ್ಟ ಮೇಲೆ ಅಂಗಳದಲ್ಲಿ ಎಷ್ಟು ಸಲ ಸುತ್ತಿದೆನೋ, ಹೆಂಡತಿ ಬಂದು ಕೂತುಕೊಳ್ಳಿ ಅಂತ ಗದರಿದಳು. ನಾನು ಕೂರದೆಯೇ ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. ಮೊದಲ ಬಸ್ಸಿಗೆ ಹೋಗಿ ಎಂದಳು ಅಷ್ಟೆ.

ಹುಣಸೂರು ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಕೋಟೆಯ ಬೆಳೆಗಾರರು ದೋಸೆ ತಿನ್ನುತ್ತಿದ್ದಾಗ ನಾನು ಹೇಳಿಬಿಟ್ಟೆ. ಕುರ್ಚಿ, ದಾರ, ಬಾಗಿಲ ಮೊಳೆ, ನೂರಾ ಐದು, ಟೀ ಅಂಗಡಿ, ಎಲ್ಲ. ಅವರು ದೋಸೆ ನಿಲ್ಲಿಸಿ ಕೇಳಿದರು. ಆಮೇಲೆ ಕೈ ತೊಳೆದು ಬಂದು, ನಿಂತೇ ಅಂದರು: "ಇಷ್ಟ್ ದಿನ ನಿಮ್ ಬಾಯ್ಗೆ ಏನಾಗಿತ್ತು ಮೇಷ್ಟ್ರೇ?"

ಉತ್ತರಕ್ಕೆ ಕಾಯದೆ, ಕೆ.ಆರ್. ನಗರಕ್ಕೆ ಹೋಗೋಣ ಎಂದು ಕಾರು ತೆಗೆದರು. ದಾರಿಯುದ್ದಕ್ಕೂ ಅವರು ಮಾತಾಡಿದ್ದು ಒಂದೇ, ಆ ಮನುಷ್ಯ ಒಪ್ಪಿದರೆ ಇವತ್ತೇ ಸಾಮಾನು ಸಮೇತ ಕರೆದುಕೊಂಡು ಹೋಗುತ್ತೇನೆ, ಗಂಡ ಹೆಂಡತಿಗೆ ಮನೆ ಇದೆ ಎಂದು. ಗಿರಣಿಯಿದ್ದ ಸಾಲಿಗ್ರಾಮದ ರಸ್ತೆಗೆ ಬರುವಷ್ಟರಲ್ಲಿ ನನಗೆ ಹಗುರವಾಗತೊಡಗಿತ್ತು. ಎರಡು ವರ್ಷದಲ್ಲಿ ಮೊದಲ ಸಲ ಕಾಲು ಅಲ್ಲಾಡಿಸದೆ ಕೂತಿದ್ದೆ. ಎಲ್ಲ ಸರಿಹೋಗುತ್ತದೆ, ಅವರು ಬೈದರೆ ಬೈಸಿಕೊಳ್ಳುತ್ತೇನೆ, ಒಂದೇಟು ಹೊಡೆದರೆ ಹೊಡೆಸಿಕೊಳ್ಳುತ್ತೇನೆ ಎಂದು ಲೆಕ್ಕ ಹಾಕುತ್ತಿದ್ದೆ.

ಗಿರಣಿಯ ಒಳಗೆ ಮಿಷನ್ನಿನ ಸದ್ದು. ತೌಡು ಬೀಳುವ ಕಡೆ ಚೀಲ ಹಿಡಿದು ನಿಂತಿದ್ದವರು ಅವರೇ ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೂಗು ಬಾಯಿಗೆ ಟವೆಲ್ ಕಟ್ಟಿದ್ದರು, ರೆಪ್ಪೆ ಹುಬ್ಬೆಲ್ಲ ತೌಡಿನ ಧೂಳು. ನನ್ನನ್ನು ಕಂಡು ಟವೆಲ್ ಬಿಚ್ಚಿ, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ ಎಂದು ಕೇಳುತ್ತಲೇ ಹೊರಗೆ ಬಂದರು. ಅಂಗಳದಲ್ಲಿ ಭತ್ತ ಹರವಿದ್ದರು. ಅದರ ಅಂಚಿನಲ್ಲಿ ನಿಂತು, ಕೋಟೆಯವರ ಎದುರಿಗೇ, ಅವತ್ತು ಥರ್ಮಾಮೀಟರ್ ಬಾಗಿಲಿಗೆ ಕಟ್ಟಿದ್ದು ನಾನು, ತಪ್ಪು ನನ್ನದು, ನಿನ್ನದಲ್ಲ ಅಣ್ಣ ಎಂದೆ.

"ಗೊತ್ತಿತ್ತು ಮೇಷ್ಟ್ರೇ," ಎಂದರು ಅವರು. "ಊಟ ಮಾಡ್ಕಂಡ್ ಬಂದಾಗ್ಲೇ ದಾರ ನೋಡ್ದೆ. ಆದ್ರೂ ಒಲೆಗೆ ಸೌದೆ ಒಡ್ಡಿದ್ ಕೈ ನಂದಲ್ವಾ. ವಾಸ್ನೆ ಬತ್ತಾ ಇದ್ರೂವೆ ಒಡ್ಡಿದೆ. ನೀವು ಓದ್ದೋರು ಅಂತ ನಿಮ್ ಮಾತ್ ಕೇಳ್ಬುಟ್ಟೆ. ಅದು ನನ್ ತಪ್ಪು."

ಈ ಮಾತಿಗೆ ನಾನು ಸಿದ್ಧನಾಗಿರಲಿಲ್ಲ. ಬೈಯುತ್ತಾರೆ ಎಂದು ಬಂದವನಿಗೆ, ತಪ್ಪಿನಲ್ಲಿ ಅವರೇ ಪಾಲು ತೆಗೆದುಕೊಂಡು ನಿಂತರೆ ಏನು ಮಾಡಬೇಕು? ಕೋಟೆಯವರು ಮುಂದೆ ಬಂದು ತಮ್ಮ ಮಾತು ಹೇಳಿದರು. ಮೂರು ಬ್ಯಾರನ್, ಇರಲು ಮನೆ, ನಿಮ್ಮ ಮಾತಿಗೆ ಯಾರೂ ಎದುರಾಡುವುದಿಲ್ಲ. ಬ್ಯಾರನ್ ಅಣ್ಣನ ಮುಖ ಒಂದು ಸಲ ಅರಳಿತು. ಅದನ್ನು ನಾನು ನೋಡಿದೆ. ಅವರು ಕೋಟೆಯವರ ಕಡೆ ಕೈ ಚಾಚಿದರು. ಕೋಟೆಯವರಿಗೆ ಅರ್ಥವಾಯಿತು. ಕಾರಿನಿಂದ ಹೋದ ಸಲದ ಸೊಪ್ಪಿನ ಒಂದು ಹಿಡಿ ತಂದು ಕೊಟ್ಟರು. ಬ್ಯಾರನ್ ಕಾಯುವವರು ಹೊಸ ಯಜಮಾನನ ಸೊಪ್ಪನ್ನು ಮೂಸಿ ನೋಡಿಯೇ ಒಪ್ಪುವುದು.

ಅವರು ಎಲೆಯನ್ನು ಮೂಗಿಗೆ ಹಿಡಿದು ಎಳೆದುಕೊಂಡರು. ನಮಗೆ ಬೆನ್ನು ಮಾಡಿ ನಿಂತು ಮತ್ತೊಮ್ಮೆ ಎಳೆದುಕೊಂಡರು. ಟವೆಲಿನಿಂದ ಮೂಗು ಒರೆಸಿ, ಎಲೆಯನ್ನು ಅಂಗೈಯಲ್ಲಿ ಉಜ್ಜಿ ಪುಡಿ ಮಾಡಿ, ಇನ್ನೊಮ್ಮೆ. ನನಗೆ ನಾಲ್ಕು ಮಾರು ದೂರಕ್ಕೇ ಆ ಸೊಪ್ಪಿನ ಘಾಟು ಬಡಿಯುತ್ತಿತ್ತು.

ಪುಡಿಯನ್ನು ಕೆಳಗೆ ಉದುರಿಸಿ ಅವರು ತಿರುಗಿದರು. ತೌಡಿನ ಧೂಳಿನಲ್ಲಿ ಒಂದು ವರ್ಷದಿಂದ ಮೂಗು ಕಟ್ಟಿಹೋಗಿದೆಯಂತೆ. ಮೊದಮೊದಲು ರಜೆಯ ದಿನ ಸ್ವಲ್ಪ ಬಿಡುತ್ತಿತ್ತಂತೆ, ಈಗ ಸಾರಿಗೆ ಒಗ್ಗರಣೆ ಹಾಕಿದರೂ ತಿಳಿಯುವುದಿಲ್ಲವಂತೆ. ಹೆಂಡತಿಗೂ ಹೇಳಿಲ್ಲವಂತೆ. ಸೊಪ್ಪಿನ ವಾಸನೆಯಾದರೂ ಬರಬಹುದು ಅಂದುಕೊಂಡಿದ್ದರಂತೆ. ಕೋಟೆಯವರು ಗಡಿಬಿಡಿಯಿಂದ, ಅದಕ್ಕೇನು, ಈಗ ಒಳ್ಳೊಳ್ಳೆ ಮೀಟರು ಬಂದಿವೆ, ಹೊರಗಿನಿಂದಲೇ ನಂಬರು ಕಾಣುತ್ತದೆ, ಅದನ್ನು ನೋಡಿಕೊಂಡು ಕಾಯಬಹುದಲ್ಲ ಎಂದರು. ನನ್ನ ನಾಲಿಗೆಯ ತುದಿಗೂ ಅದೇ ಮಾತು ಬಂದಿತ್ತು. ಕಚ್ಚಿಕೊಂಡೆ.

"ನಂಬರ್ ನೋಡ್ಕಂಡ್ ಕಾಯಕೆ ನಾನೇ ಯಾಕ್ ಬೇಕು? ಬ್ಯಾರೆ ಯಾರಾನ ಮಾಡ್ತಾರೆ ಬುಡಿ," ಎಂದು ಅವರು ಕೋಟೆಯವರಿಗೆ ಕೈ ಮುಗಿದರು. ಆಮೇಲೆ ನನ್ನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಬಸ್ಸಿನ ಹೊತ್ತು ಹೇಳುವ ಹಾಗೆ ಹೇಳಿದರು.

"ಹೋದ್ ವರ್ಸ ಬಂದು ಈ ಮಾತ್ ಆಡಿದ್ರೆ ನಂಗೆ ಮೂಗಿತ್ತು ಮೇಷ್ಟ್ರೇ."

ಒಳಗಿನಿಂದ ಯಾರೋ ಚೀಲ ತುಂಬಿತು ಎಂದು ಕೂಗಿದರು. ಅವರು ಟವೆಲನ್ನು ಕೊಡವಿ ಮೂಗಿಗೆ ಕಟ್ಟಿಕೊಂಡು ಒಳಗೆ ಹೋದರು.